ಸಹಾಯ ಬೇಕು: ಸೇನೆಗೆ ಸೇರುವ ಮೊದಲು ಪಡೆದ ಕಾರ್ಡಿನ ಶುಲ್ಕ ಮನ್ನಾ ಆಗುತ್ತದೆಯೇ?

ಪತಿ ಅಮೆರಿಕದ ಸೇನೆಯಲ್ಲಿ ಸಕ್ರಿಯ ಸೇವೆಯಲ್ಲಿದ್ದಾರೆ. ವಿಮಾನ ನಿಲ್ದಾಣದ ಲಾಂಜ್ ಸೌಲಭ್ಯವಿರುವ ದುಬಾರಿ ಕ್ರೆಡಿಟ್ ಕಾರ್ಡನ್ನು ಅವರು ಪಡೆದದ್ದು ಸೇನೆಗೆ ಸೇರುವ ಮೊದಲು. ಈಗ ಸ್ಟೇಟ್‌ಮೆಂಟಿನಲ್ಲಿ ಸುಮಾರು 700 ಡಾಲರ್ ವಾರ್ಷಿಕ ಶುಲ್ಕ ಬಂದು ಕುಳಿತಿದೆ. ಸಹೋದ್ಯೋಗಿಗಳಿಗೆ ಅದೇ ಕಾರ್ಡಿನ ಶುಲ್ಕ ಸೊನ್ನೆ!

ಬ್ಯಾಂಕಿಗೆ ಕರೆ ಮಾಡಿದೆವು, ಚಾಟ್‌ನಲ್ಲೂ ಕೇಳಿದೆವು. ಮಿಲಿಟರಿ ಲೆಂಡಿಂಗ್ ಆಕ್ಟ್ (ಸೈನಿಕರ ಸಾಲದ ಬಡ್ಡಿ, ಶುಲ್ಕಕ್ಕೆ ಮಿತಿ ಹಾಕುವ ಅಮೆರಿಕದ ಕಾಯ್ದೆ) ಅನ್ವಯಿಸುವುದು ಸೇವೆಯಲ್ಲಿರುವಾಗ ತೆರೆದ ಖಾತೆಗೆ ಮಾತ್ರ ಎಂದರು. ಸೇವೆಗೆ ಸೇರುವ ಮೊದಲಿನ ಸಾಲಕ್ಕೆ ಎಸ್‌ಸಿಆರ್‌ಎ (ಸರ್ವೀಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಆಕ್ಟ್) ಎಂಬ ಇನ್ನೊಂದು ಕಾಯ್ದೆಯಿದೆ, ಅದರಡಿ ಬಡ್ಡಿ ಶೇಕಡಾ 6 ಮೀರುವಂತಿಲ್ಲ, ಶುಲ್ಕವೂ ಆ ಬಡ್ಡಿಯ ಲೆಕ್ಕಕ್ಕೇ ಸೇರುತ್ತದೆ ಎಂದು ಓದಿದ್ದೇನೆ. ಆದರೆ ಕರೆ ಸ್ವೀಕರಿಸಿದವರಿಗೆ ಆ ಹೆಸರೇ ಹೊಸದು.

ನಮ್ಮ ಪ್ರಶ್ನೆ ಇಷ್ಟೇ: ಸೇವಾ ಆದೇಶದ ಪ್ರತಿ ಲಗತ್ತಿಸಿ ಎಸ್‌ಸಿಆರ್‌ಎ ಅಡಿ ಲಿಖಿತ ಅರ್ಜಿ ಕೊಟ್ಟು ಈಗಾಗಲೇ ಹಾಕಿರುವ ಶುಲ್ಕವನ್ನು ಯಾರಾದರೂ ವಾಪಸ್ ಪಡೆದಿದ್ದೀರಾ? ಅಥವಾ ಈ ಹಳೆಯ ಕಾರ್ಡನ್ನು ಮುಚ್ಚಿ ಹೊಸ ಕಾರ್ಡ್ ಪಡೆಯುವುದೇ ಲೇಸೇ?