ಕುಮರಿ ಖಂಡ: ಎಷ್ಟು ನಂಬಬೇಕು?

ಹೊಸೂರಿನ ಅಮ್ಮ:
ಎದುರು ಮನೆಯ ತಾತ ನನ್ನ ಮಗಳಿಗೆ ಒಂದು ನಕ್ಷೆ ಕೊಟ್ಟಿದ್ದಾರೆ. ಕನ್ಯಾಕುಮಾರಿಯಿಂದ ಮಡಗಾಸ್ಕರ್‌ವರೆಗೆ ಕಡಲಲ್ಲಿ ಮುಳುಗಿತೆನ್ನುವ ‘ಕುಮರಿ ಖಂಡ’ದ ಒಂದೇ ನೆಲ, ಹಸಿರು ಬಣ್ಣ, ನದಿ ಬೆಟ್ಟಗಳಿಗೆ ಹೆಸರು ಬೇರೆ! ತಮಿಳು ಕವಿಗಳ ಸಭೆಗಳಾದ ಮೊದಲ ಸಂಘಗಳು ಅಲ್ಲೇ ನಡೆದವಂತೆ. 2013ರಲ್ಲಿ ಮಾರಿಷಸ್‌ ಕೆಳಗೆ ಮುಳುಗಿದ ಖಂಡ ಸಿಕ್ಕಿತೆಂಬ ಸುದ್ದಿಯನ್ನೇ ಸಾಕ್ಷಿಯಾಗಿ ಹಿಡಿದಿದ್ದಾರೆ. ತಾತ ಬಹಳ ಒಳ್ಳೆಯವರು. ಸುಮ್ಮನೆ ತಲೆಯಾಡಿಸಿ ಬರುವಷ್ಟು ಒಳ್ಳೆಯವಳು ನಾನಲ್ಲ. ಇದರಲ್ಲಿ ನಿಜವೆಷ್ಟು?

ತಳಿ ಮೇಷ್ಟರು:
ಅಮ್ಮಾ, ಎರಡು ಕತೆಗಳು ಗಂಟುಬಿದ್ದಿವೆ. ಕಡಲು ನೆಲವನ್ನು ನುಂಗಿದ ಮಾತು ತಮಿಳಿನಲ್ಲಿ ಹಳೆಯದು. ಹಳೆಯ ತಮಿಳು ಕಾವ್ಯ ಶಿಲಪ್ಪದಿಕಾರದಲ್ಲೇ ಪಹ್ರುಳಿ ನದಿ, ಕುಮರಿ ಬೆಟ್ಟ ಕಡಲಪಾಲಾದವೆಂದಿದೆ. ಮಡಗಾಸ್ಕರ್‌ವರೆಗಿನ ಹಸಿರು ಮಾತ್ರ ಅಲ್ಲಿಲ್ಲ. ಅದು 1864ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಸ್ಕ್ಲೇಟರ್ ಊಹಿಸಿದ ಲೆಮುರಿಯಾ. ಕೋತಿಯಂಥ ಪ್ರಾಣಿಗಳಾದ ಲೀಮರ್‌ಗಳು ಮಡಗಾಸ್ಕರ್‌ನಲ್ಲಿ, ಅವುಗಳ ನೆಂಟ ಕಾಡುಪಾಪ ನಮ್ಮ ಕಾಡಿನಲ್ಲಿ, ನಡುವೆ ಸಮುದ್ರ. ಹಾಗಾದರೆ ನಡುವಿನ ನೆಲ ಮುಳುಗಿರಬೇಕು ಎಂದರು. ಆ ಕಾಲಕ್ಕೆ ಒಪ್ಪುವ ತರ್ಕವೇ. 1912ರಲ್ಲಿ ಜರ್ಮನಿಯ ವಿಜ್ಞಾನಿ ವೆಗೆನರ್ ಖಂಡಗಳೇ ಸರಿಯುತ್ತವೆ ಎಂದರು; ಅದು ರುಜುವಾತಾದ ಮೇಲೆ ಮುಳುಗಿದ ನೆಲ ಯಾರಿಗೂ ಬೇಕಾಗಲಿಲ್ಲ. ಆದರೆ ಅಷ್ಟರಲ್ಲಿ ಥಿಯೊಸಾಫಿ ಎಂಬ ಗೂಢ ಪಂಥದ ಬ್ಲಾವಟ್‌ಸ್ಕಿ ಅದರಲ್ಲಿ ಮನುಷ್ಯರನ್ನು ತುಂಬಿಯಾಗಿತ್ತು!

ಮಾರಿಷಸ್‌ನಲ್ಲಿ ಸಿಕ್ಕಿದ್ದು ಕಡಲತೀರದ ಮರಳಿನಲ್ಲಿದ್ದ ಜಿರ್ಕಾನ್ ಎಂಬ ಖನಿಜದ ಹರಳುಗಳು. ಎಳೆಯದಕ್ಕೇ ಸುಮಾರು 66 ಕೋಟಿ ವರ್ಷ. ಅವು ಬಂದ ಮುಳುಗಿದ ನೆಲದ ತುಣುಕು ಒಡೆದದ್ದು ಡೈನೋಸಾರ್‌ಗಳ ಕಾಲ ಮುಗಿಯುವ ಆಸುಪಾಸಿನಲ್ಲಿ. ಅಲ್ಲಿ ಯಾವ ಕವಿ ಕೂತು ಹಾಡಿದ?

ಸೇಲಂ ಕನ್ನಡಿಗ:
ಮೇಷ್ಟರೇ, ತಾತನನ್ನು ಪೂರ್ತಿ ಸೋಲಿಸಬೇಡಿ. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಭಾರತ ಶ್ರೀಲಂಕಾ ನಡುವಿನ ಪಾಕ್ ಜಲಸಂಧಿ ಆಗ ನಡೆದು ದಾಟಬಹುದಾದ ನೆಲ. ಕರಾವಳಿ ಮುಳುಗಿದ್ದು ಸುಳ್ಳಲ್ಲ.

ಹೊಸೂರಿನ ಅಮ್ಮ:
ಅಷ್ಟಾದರೂ ಉಳಿಯಿತಲ್ಲ! ಆದರೆ ಮಗಳಿಗೆ ಮುಟ್ಟಿ ನೋಡುವಂಥದ್ದು ಬೇಕು.

ತಳಿ ಮೇಷ್ಟರು:
ಕರಾವಳಿ ಮುಳುಗಿದ್ದನ್ನು ಒಪ್ಪಿದೆ. ಅದು ಖಂಡವಲ್ಲ, ಅಷ್ಟೇ. ಮುಟ್ಟಿ ನೋಡಲು ಸಮುದ್ರಕ್ಕೇಕೆ ಇಳಿಯಬೇಕು? ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ, ಬರಗೂರು ಕಡೆ, ಮಯಿಲಾಡುಂಪಾರೈ ಇದೆ. ಅಲ್ಲಿ ಅಗೆದಾಗ ಸಿಕ್ಕ ಕಬ್ಬಿಣ ಕ್ರಿ.ಪೂ. 2172ರ ಕಾಲದ್ದು ಎಂದು 2022ರಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿತು. ಬೆಟ್ಟದಲ್ಲಿ ಬಂಡೆಚಿತ್ರಗಳೂ ಶಿಲಾಸಮಾಧಿಗಳೂ ಇವೆ. ಬರುವಾಗ ಕೃಷ್ಣಗಿರಿ ವಸ್ತುಸಂಗ್ರಹಾಲಯದ ವೀರಗಲ್ಲುಗಳನ್ನೂ ತೋರಿಸಿ. ತಾತನನ್ನೂ ಕರೆದುಕೊಂಡು ಹೋಗಿ, ಬೇಸಿಗೆಯಲ್ಲಿ ಬೇಡ; ಆ ಬಂಡೆಗಳು ಕಾವಲಿಯಂತೆ ಕಾದಿರುತ್ತವೆ.