ಅಪ್‌ಡೇಟ್: ಒಂಟೆ ಮರಿಗಳದ್ದು ಕಜ್ಜಿಯಲ್ಲ, ಹುಳುಕಡ್ಡಿಯೇ

ಬಿಕಾನೇರ್ ಹತ್ತಿರದ ಹಳ್ಳಿಯಲ್ಲಿ ಒಂಟೆ ಮರಿಗಳ ತಲೆ, ಕುತ್ತಿಗೆ ಮೇಲೆ ಕೂದಲುದುರಿ ಬೂದುಬಣ್ಣದ ಹಕ್ಕಳೆ ಕಟ್ಟಿದೆ, ಇದು ಕಜ್ಜಿಯೋ ಹುಳುಕಡ್ಡಿಯೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಹುಳುಕಡ್ಡಿ, ಅಂದರೆ ಚರ್ಮಕ್ಕೆ ಬೂಸ್ಟು (ಶಿಲೀಂಧ್ರ) ಹತ್ತಿ ಬರುವ ರೋಗ ಎಂದು ಖಚಿತವಾಯಿತು.

ಗಾಯದ ನಡುಭಾಗ ಬಿಟ್ಟು ಅಂಚಿನಲ್ಲಿ ಕೆರೆದು, ಮುರಿದ ಕೂದಲನ್ನು ಬುಡಸಮೇತ ಕಿತ್ತು ಕಾಗದದ ಲಕೋಟೆಯಲ್ಲಿ ಒಯ್ದೆವು. ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಬೇರೆ ಬೂಸ್ಟು ಬೆಳೆದುಬಿಡುತ್ತದೆ. 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೂದಲಿನ ಸುತ್ತ ಸ್ಪೋರ್‌ಗಳು (ಬೂಸ್ಟಿನ ಬೀಜಕಣಗಳು) ಪೋಣಿಸಿದ ಮಣಿಗಳಂತೆ ಅಂಟಿಕೊಂಡಿದ್ದವು. ಕಜ್ಜಿಯ ನುಸಿ ಒಂದೂ ಕಾಣಲಿಲ್ಲ. ತುರಿಕೆಯೂ ಅಷ್ಟಿರಲಿಲ್ಲ, ಕಜ್ಜಿಯಾಗಿದ್ದರೆ ಮರಿಗಳು ಸಿಕ್ಕ ಮರಕ್ಕೆಲ್ಲ ಮೈ ಉಜ್ಜುತ್ತಿದ್ದವು.

ಕೆಲವು ಬೂಸ್ಟುಗಳನ್ನು ಹೊಳೆಯುವಂತೆ ಮಾಡುವ ನೇರಳಾತೀತ ದೀಪ ವುಡ್ಸ್ ಲ್ಯಾಂಪ್ ಹಿಡಿದರೆ ಸಾಕು ಎಂದವರಿಗೆ ಒಂದು ಮಾತು: ಏನೂ ಹೊಳೆಯಲಿಲ್ಲ. ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ಬೂಸ್ಟು ಬೆಳೆಸಿ ನೋಡಿದಾಗ) ಬಂದದ್ದು ಟ್ರೈಕೊಫೈಟಾನ್ ವೆರುಕೋಸಮ್ ಎಂಬ ಬೂಸ್ಟು, ಅದು ಆ ಬೆಳಕಿಗೆ ಹೊಳೆಯುವ ಜಾತಿಯಲ್ಲ. ಅದು ಬೆಳೆಯಲು ಬೇಕಾದ ಪೋಷಕಗಳಾದ ಥಯಾಮಿನ್, ಇನೋಸಿಟಾಲ್ ಸೇರಿಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ ಎಂದು ಹೇಳಿಕೊಟ್ಟವರನ್ನು ಮರೆಯಲಾರೆ. ಇವಿಲ್ಲದ ಮಾಮೂಲಿ ಕಲ್ಚರ್ ಪ್ಲೇಟಿನಲ್ಲಿ ಅದು ಬೆಳೆಯಲೇ ಇಲ್ಲ.

ಸದ್ಯ ಮರಿಗಳನ್ನು ಬೇರೆ ಕಟ್ಟಿಸಿದ್ದೇವೆ. ನನಗೆ ಈಗ ಹೆಚ್ಚು ಚಿಂತೆ ಅವುಗಳನ್ನು ನೋಡಿಕೊಳ್ಳುವ ರೈಕಾ (ರಾಜಸ್ಥಾನದ ಒಂಟೆ ಸಾಕುವ ಸಮುದಾಯ) ಹುಡುಗನದ್ದು. ಮುಂಗೈ ಮೇಲೆ ದುಂಡನೆಯ ಕೆಂಪು ಕಲೆ ಎದ್ದಿದೆ. ಇದು ಮನುಷ್ಯರಿಗೂ ಅಂಟುವ ರೋಗವಾದ್ದರಿಂದ ಚರ್ಮದ ಡಾಕ್ಟರ ಹತ್ತಿರ ಕಳಿಸಿದ್ದೇವೆ.