ಹಳೇ ಡೀಸೆಲ್ ಪಿಕಪ್: ತಣ್ಣಗಿದ್ದಾಗ ಟಿಕ್ ಟಿಕ್, ಬಿಸಿಯಾದ ಮೇಲೆ ದಡ್ ದಡ್. ಬಿಗ್ ಎಂಡ್ ಹೋಗಿದೆಯಾ?

ಮೂರನೇ ಗೇರು:

ಎಲ್ಲರಿಗೂ ನಮಸ್ಕಾರ. ಗಾಡಿ 2.5 ಲೀಟರ್, ನಾಲ್ಕು ಸಿಲಿಂಡರ್ ಡೀಸೆಲ್ ಪಿಕಪ್. ಟರ್ಬೊ ಇಲ್ಲ, ಕಾಮನ್ ರೈಲ್ (ಎಲ್ಲಾ ಸಿಲಿಂಡರಿಗೂ ಒಂದೇ ಹೈ ಪ್ರೆಶರ್ ಪೈಪಿನಿಂದ ಡೀಸೆಲ್ ಹೋಗುವ ಹೊಸ ಥರದ್ದು) ಅಲ್ಲ, ಹಳೇ ಮೆಕ್ಯಾನಿಕಲ್ ರೋಟರಿ ಪಂಪು. ಮೂರು ಲಕ್ಷ ಕಿಲೋಮೀಟರ್ ದಾಟಿದೆ. ಆಯಿಲ್ 15ಡಬ್ಲ್ಯೂ-40, ಹೊತ್ತಿಗೆ ಸರಿಯಾಗಿ ಬದಲಾಗಿದೆ. ಈಗ ಮೂರು ಥರದ ಸದ್ದು ಶುರುವಾಗಿದೆ.

ಒಂದು, ಬೆಳಿಗ್ಗೆ ಮೊದಲ ಸ್ಟಾರ್ಟಿಂಗ್‌ನಲ್ಲಿ ಮೇಲ್ಗಡೆಯಿಂದ ಟಿಕ್ ಟಿಕ್ ಟಿಕ್. ರೇಸ್ ಕೊಟ್ಟರೆ ಜಾಸ್ತಿ. ಇಂಜಿನ್ ಬಿಸಿಯಾಗುತ್ತಾ ಬಂದಂತೆ ಕಮ್ಮಿಯಾಗಿ ಆಮೇಲೆ ಕೇಳುವುದೇ ಇಲ್ಲ.

ಎರಡು, ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ, ಅಂದರೆ 750 ಆರ್‌ಪಿಎಂ ಹತ್ತಿರ, ಮುಂಭಾಗದ ಕೆಳಗಿನಿಂದ ದಡ್ ದಡ್ ಅಂತ ಮಂದವಾದ ಬಡಿತ. 1200 ದಾಟಿದರೆ ಮಾಯ. ಆಯಿಲ್ ಲೈಟ್ ಹತ್ತುವುದಿಲ್ಲ.

ಮೂರು, ಸ್ಟಾರ್ಟ್ ಆದ ಕೂಡಲೇ ನಾಲ್ಕೈದು ಸೆಕೆಂಡ್ ಬೆಲ್ಟ್ ಕಿರುಚುತ್ತದೆ.

ನೋಡಿದ ಮೆಕ್ಯಾನಿಕ್ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ರಾಡು ಕ್ರ್ಯಾಂಕ್ ಶಾಫ್ಟಿಗೆ ಸೇರುವ ಕಡೆಯ ಬೇರಿಂಗ್) ಹೋಗಿದೆ, ಇಂಜಿನ್ ಇಳಿಸಬೇಕು ಅಂದರು. ಬಿಚ್ಚುವ ಮೊದಲು ನಾನೇ ಏನೇನು ನೋಡಬಹುದು?

ಡೀಸೆಲ್ ಕಿವಿ:

ಇಂಜಿನ್ ಇಳಿಸುವ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಬಿಗ್ ಎಂಡ್ ಸವೆದಿದ್ದರೆ ರೇಸ್ ಕೊಟ್ಟಂತೆಲ್ಲ, ಲೋಡ್ ಬಿದ್ದಂತೆಲ್ಲ ಸದ್ದು ಜೋರಾಗುತ್ತೆ. 2000ದ ಆಸುಪಾಸಿಗೆ ಏರಿಸಿ ಆಕ್ಸಿಲರೇಟರ್ ತಟ್ಟನೆ ಬಿಟ್ಟಾಗ ಕಟಕಟ ಅಂತ ಇನ್ನೂ ಸ್ಪಷ್ಟವಾಗಿ ಕೇಳುತ್ತೆ. 1200ಕ್ಕೇ ಮಾಯವಾಗುವ ಬಡಿತ ಆ ಜಾತಿಯದ್ದಲ್ಲ ಅಂತ ನನ್ನ ಅಂದಾಜು. ಆದರೆ ಅಂದಾಜಿನ ಮೇಲೆ ಇಂಜಿನ್ ಬಿಚ್ಚಲೂಬಾರದು, ಬಿಡಲೂಬಾರದು. ಮೂರು ಪರೀಕ್ಷೆ ಮಾಡಿ.

ಮೊದಲು ಸಿಲಿಂಡರ್ ಕಟ್ ಮಾಡಿ ನೋಡುವುದು. ಇಂಜಿನ್ ಬಿಸಿ ಮಾಡಿ ಐಡ್ಲಿಂಗ್‌ಗೆ ಬಿಡಿ. ಒಂದನೇ ನಾಜಲ್‌ಗೆ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಹೋಗುವ ಹೈ ಪ್ರೆಶರ್ ಪೈಪಿನ ನಟ್ಟಿಗೆ ಬಟ್ಟೆ ಸುತ್ತಿ, ಅರ್ಧ ಸುತ್ತು ಸಡಿಲಿಸಿ. ಡೀಸೆಲ್ ಅಲ್ಲೇ ಸೋರಿಹೋಗಿ ಆ ಸಿಲಿಂಡರ್ ಸತ್ತು ಇಂಜಿನ್ ಕುಂಟುತ್ತೆ. ಆಗ ದಡ್ ದಡ್ ಕೇಳಿಸಿಕೊಳ್ಳಿ. ಬಿಗಿ ಮಾಡಿ, ಮುಂದಿನದಕ್ಕೆ ಹೋಗಿ. ಯಾವುದೋ ಒಂದು ಸಿಲಿಂಡರ್ ಕಟ್ ಆದಾಗ ಬಡಿತ ನಿಂತರೆ ಅಥವಾ ಎದ್ದು ಕಾಣುವಷ್ಟು ತಗ್ಗಿದರೆ ದೋಷ ಅದೇ ಸಿಲಿಂಡರಿನದು: ಬಿಗ್ ಎಂಡ್, ಪಿಸ್ಟನ್ ಇಲ್ಲವೇ ನಾಜಲ್. ಅದರಲ್ಲಿ ನಾಜಲ್ಲೇ ಅಂತ ಅನುಮಾನ ಬಂದರೆ ಬೇರೆ ಸಿಲಿಂಡರಿನ ನಾಜಲ್ ಜೊತೆ ಅದಲುಬದಲು ಮಾಡಿ. ಸದ್ದು ನಾಜಲ್ ಹಿಂದೆಯೇ ಹೋದರೆ ಗೊತ್ತಾಯಿತಲ್ಲ. ಯಾವ ಸಿಲಿಂಡರ್ ಕಟ್ ಮಾಡಿದರೂ ವ್ಯತ್ಯಾಸವೇ ಇಲ್ಲ ಅಂದರೆ ಸದ್ದು ಬೇರೆ ಕಡೆಯದು.

ಕನ್ನಡಕ ಹಾಕಿಕೊಳ್ಳಿ, ಸೋರುವ ಜಾಗಕ್ಕೆ ಬರಿಗೈ ಒಡ್ಡಬೇಡಿ. ಈ ಹಳೇ ನಾಜಲ್‌ಗಳು ತೆರೆಯುವುದೇ ನೂರು ಬಾರ್‌ಗಿಂತ ಮೇಲಿನ ಒತ್ತಡದಲ್ಲಿ, ಅದು ಚರ್ಮದೊಳಗೆ ನುಗ್ಗಬಲ್ಲದು. ಇದನ್ನು ಓದುವ ಕಾಮನ್ ರೈಲ್ ಗಾಡಿಯವರು ಈ ಪರೀಕ್ಷೆಯ ತಂಟೆಗೇ ಹೋಗಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟಬಹುದು.

ಎರಡನೆಯದು ಆಯಿಲ್ ಪ್ರೆಶರ್. ಲೈಟ್ ಹತ್ತಲಿಲ್ಲ ಅಂತ ಸಮಾಧಾನ ಪಡಬೇಡಿ. ಆ ಸ್ವಿಚ್ ಹೆಚ್ಚಿನ ಗಾಡಿಗಳಲ್ಲಿ 0.3ರಿಂದ 0.5 ಬಾರ್‌ಗೆ ಇಳಿದಾಗಲೇ ಲೈಟ್ ಹೊತ್ತಿಸುವುದು, ಅಷ್ಟರೊಳಗೆ ಬೇರಿಂಗ್ ಕಥೆ ಮುಗಿದಿರುತ್ತೆ. ಸ್ವಿಚ್ ಬಿಚ್ಚಿ ಆ ತೂತಿಗೆ ಮುಳ್ಳಿನ ಗೇಜ್ ಹಾಕಿ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಅಳೆಯಿರಿ. ಪ್ರತಿ 1000 ಆರ್‌ಪಿಎಂಗೆ ಸುಮಾರು 0.7 ಬಾರ್ ಅನ್ನುವುದು ಹಳೇ ಲೆಕ್ಕ. ನಿಮ್ಮ ಇಂಜಿನ್ನಿನ ಕೈಪಿಡಿಯಲ್ಲಿರುವ ಅಂಕಿಯೇ ಕೊನೆಯ ಮಾತು.

ಮೂರನೆಯದು, ಹಳೇ ಆಯಿಲ್ ಫಿಲ್ಟರ್ ಕೊಯ್ದು ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮ್ಯಾಗ್ನೆಟ್ಟಿಗೆ ಅಂಟುವ ಚೂರು ಕಬ್ಬಿಣ, ಉಕ್ಕಿನದು. ಅಂಟದೆ ಮಿನುಗುವ ಬೂದು ಬಣ್ಣದ ಚೂರು ಬೇರಿಂಗ್ ಮೇಲ್ಪದರದ್ದಾಗಿರಬಹುದು, ಅಲ್ಯುಮಿನಿಯಂ ಪಿಸ್ಟನ್ನಿನದೂ ಆಗಿರಬಹುದು. ತಾಮ್ರದ ಬಣ್ಣ ಕಂಡರೆ ಮಾತ್ರ ಬೇರಿಂಗ್ ಮೇಲ್ಪದರ ಸವೆದು ಒಳಪದರ ಹೊರಬಿದ್ದಿದೆ ಅಂತ ಅರ್ಥ. ಆಗ ಗಾಡಿ ಓಡಿಸಲೇಬೇಡಿ, ಕೆಳಗಿನ ಆಯಿಲ್ ಚೇಂಬರ್ ಇಳಿಸಿ.

ಇನ್ನೊಂದು ಮಾತು, ಯಾರಾದರೂ ದಪ್ಪ ಆಯಿಲ್ ಹಾಕಿ ಸರಿಹೋಗುತ್ತೆ ಅಂದರೆ ಕೇಳಬೇಡಿ. ಸದ್ದು ಮುಚ್ಚಿಹೋಗುತ್ತೆ ಅಷ್ಟೆ, ನಿಮಗೆ ಸಿಗಬೇಕಾದ ಸುಳಿವೂ ಅದರ ಜೊತೆಗೇ ಹೋಗುತ್ತೆ.

ಸ್ಪ್ಯಾನರ್ 14:

ಮೇಲಿನವರು ಒಳಗಿನದು ಹೇಳಿದ್ದಾರೆ, ನಾನು ಹೊರಗಿನದು ಹೇಳ್ತೀನಿ. ಮುಂಭಾಗದ ಸದ್ದಿಗೆ ಮೊದಲು ಬೆಲ್ಟ್ ತೆಗೆದು ನೋಡಿ. ಎಲ್ಲಾ ಬೆಲ್ಟೂ ತೆಗೆದು ಸ್ಟಾರ್ಟ್ ಮಾಡಿ, ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ, ಯಾಕಂದ್ರೆ ವಾಟರ್ ಪಂಪ್ ನಿಂತಿರುತ್ತೆ. ಸದ್ದು ಹೋಯ್ತಾ? ಹಾಗಾದ್ರೆ ಡೈನಮೋ, ವಾಟರ್ ಪಂಪ್, ಐಡ್ಲರ್ (ಬೆಲ್ಟಿಗೆ ಆಸರೆಯ ಪುಲ್ಲಿ) ಇವುಗಳ ಪೈಕಿ ಒಂದರ ಬೇರಿಂಗ್. ಕೈಯಲ್ಲಿ ತಿರುಗಿಸಿ ನೋಡಿದ್ರೆ ಗರಗರ ಅನ್ನೋದು ಯಾವುದು ಅಂತ ಸಿಕ್ಕಿಬಿಡುತ್ತೆ. ಹಳೇ ಡೀಸೆಲ್ ಪಿಕಪ್‌ಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಎಷ್ಟೋ ಸಲ ಡೈನಮೋ ಹಿಂದೆಯೇ ಕೂತಿರುತ್ತೆ. ಅದರ ವೇನ್ ಸವೆದ್ರೂ ಐಡ್ಲಿಂಗ್‌ನಲ್ಲಿ ಟಕ್ ಟಕ್ ಅನ್ನುತ್ತೆ. ಅದಕ್ಕೇ ಬೆಲ್ಟ್ ಇಲ್ಲದೆ ಗಾಡಿ ರಸ್ತೆಗೆ ಇಳಿಸಬೇಡಿ, ಬ್ರೇಕ್ ಪೆಡಲ್ ಕಲ್ಲಾಗಿಬಿಡುತ್ತೆ.

ಬೆಲ್ಟ್ ತೆಗೆದಾಗಲೇ ಕ್ರ್ಯಾಂಕ್ ಪುಲ್ಲಿ ನೋಡಿ. ಡ್ಯಾಂಪರ್ (ಅದುರಾಟ ತಗ್ಗಿಸುವ) ಥರದ್ದಾದ್ರೆ ಒಳಗಿನ ಹಬ್ಬು, ಹೊರಗಿನ ರಿಂಗು, ನಡುವೆ ರಬ್ಬರ್ ಇರುತ್ತೆ. ರಬ್ಬರ್ ಬಿಟ್ಟುಕೊಂಡ್ರೆ ಐಡ್ಲಿಂಗಿನ ಕುಲುಕಾಟಕ್ಕೆ ರಿಂಗು ಬಡಿಯುತ್ತೆ, ರೇಸ್ ಕೊಟ್ಟು ಓಟ ಸಮ ಆದ್ರೆ ಸುಮ್ಮನಾಗುತ್ತೆ. ಬಿಗ್ ಎಂಡ್ ಅಂತ ಜನ ಮೋಸ ಹೋಗೋದು ಇದರಲ್ಲೇ. ಹಬ್ಬಿನಿಂದ ರಿಂಗಿನವರೆಗೆ ಬಿಳಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದು, ಬೆಲ್ಟ್ ಹಾಕಿ ಸ್ವಲ್ಪ ಓಡಿಸಿ ನೋಡಿ. ಗೆರೆ ತುಂಡಾಗಿ ಅಕ್ಕಪಕ್ಕ ಆಗಿದ್ರೆ ಪುಲ್ಲಿ ಮುಗಿಯಿತು. ನಡುವಿನ ಬೋಲ್ಟ್ ಸಡಿಲ ಇದ್ರೂ ಇದೇ ಸದ್ದು ಬರುತ್ತೆ.

ಬೆಲ್ಟ್ ಕಿರುಚೋದಕ್ಕೆ ನೀರು ಚಿಮುಕಿಸಿ ನೋಡಿ. ಇನ್ನೂ ಜೋರಾಗಿ ಕಿರುಚಿದ್ರೆ ಬೆಲ್ಟ್ ಸಡಿಲ. ಒಂದು ಗಳಿಗೆ ನಿಂತು ಮತ್ತೆ ಶುರುವಾದ್ರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ.

ಅಂದಹಾಗೆ ಕ್ಲಚ್ ಒತ್ತಿದಾಗ ದಡ್ ದಡ್ ಬದಲಾಗುತ್ತಾ? ನ್ಯೂಟ್ರಲ್‌ನಲ್ಲಿದ್ದು ಒತ್ತಿದಾಗ ನಿಂತ್ರೆ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಬೇರಿಂಗ್ ಕಡೆ ನೋಡಬೇಕು, ಒತ್ತಿದಾಗಲೇ ಶುರುವಾದ್ರೆ ರಿಲೀಸ್ ಬೇರಿಂಗ್.

ಮೂರನೇ ಗೇರು:

ಇಬ್ಬರಿಗೂ ತುಂಬಾ ಧನ್ಯವಾದ. ನೋಡಿದ್ದು ಹೀಗಿದೆ. ನಾಲ್ಕೂ ಸಿಲಿಂಡರ್ ಒಂದೊಂದಾಗಿ ಕಟ್ ಮಾಡಿದರೂ ಬಡಿತದಲ್ಲಿ ವ್ಯತ್ಯಾಸ ಇಲ್ಲ. ಆಯಿಲ್ ಪ್ರೆಶರ್ ಬಿಸಿ ಐಡ್ಲಿಂಗ್‌ನಲ್ಲಿ 1.4 ಬಾರ್, 2500ಕ್ಕೆ 3.8. ಫಿಲ್ಟರ್‌ನಲ್ಲಿ ಮಸಿ ಬಿಟ್ಟರೆ ಏನೂ ಸಿಗಲಿಲ್ಲ. ಕ್ಲಚ್ಚಿಗೂ ಸದ್ದಿಗೂ ಸಂಬಂಧ ಇಲ್ಲ. ಬೆಲ್ಟ್ ತೆಗೆದಾಗ ಬಡಿತ ತಗ್ಗಿತು, ಪೂರ್ತಿ ಹೋಗಲಿಲ್ಲ. ಬಿಳಿ ಗೆರೆ ಎರಡು ಬೆರಳಿನಷ್ಟು ಜರುಗಿದೆ! ರಬ್ಬರ್ ಒಂದು ಕಡೆ ಉಬ್ಬಿ ಹೊರಗೆ ಬಂದಿದೆ, ಅದರ ಮೇಲೆ ಆಯಿಲ್ ಜಿಡ್ಡು. ನೀರು ಚಿಮುಕಿಸಿದರೆ ಕಿರುಚಾಟ ಜೋರಾಗುತ್ತದೆ, ಅಂದರೆ ಬೆಲ್ಟ್ ಸಡಿಲ. ಇನ್ನು ಉಳಿದದ್ದು ಟಿಕ್ ಟಿಕ್. ಅದು ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗಗಳ ಸಂದು) ತಾನೇ?

ಡೀಸೆಲ್ ಕಿವಿ:

ದಡ್ ದಡ್ ಪುಲ್ಲಿಯದೇ, ಬಿಗ್ ಎಂಡ್ ಮುಟ್ಟಬೇಡಿ. ಆ ಪ್ರೆಶರ್ ಇರುವ ಇಂಜಿನ್ನಿನ ಕೆಳಭಾಗ ಆರೋಗ್ಯವಾಗಿದೆ.

ಪುಲ್ಲಿ ಬದಲಿಸುವಾಗ ಗಮನಿಸಬೇಕಾದ್ದು. ರಬ್ಬರ್ ಹಾಳಾಗಿದ್ದು ಆಯಿಲ್‌ನಿಂದ. ಮುಂದಿನ ಕ್ರ್ಯಾಂಕ್ ಆಯಿಲ್ ಸೀಲ್ ಬದಲಿಸದೆ ಹೊಸ ಪುಲ್ಲಿ ಹಾಕಿದರೆ ಅದರ ಗತಿಯೂ ಅಷ್ಟೇ. ನಡುವಿನ ಬೋಲ್ಟ್ ಭಾರಿ ಬಿಗಿ ಇರುತ್ತೆ. ಸ್ಪ್ಯಾನರ್ ಚಾಸಿಗೆ ಆನಿಸಿ ಸ್ಟಾರ್ಟರ್ ಹೊಡೆಯುವ ಉಪಾಯ ಬೇಡ, ಫ್ಲೈವೀಲ್ ಹಲ್ಲಿಗೆ ಲಾಕ್ ಕೊಟ್ಟು ಬಿಚ್ಚಿ. ಹೊಸದು ಹಾಕುವಾಗ ಪುಲ್ಲರನ್ನೂ ಸುತ್ತಿಗೆಯನ್ನೂ ಹೊರ ರಿಂಗಿಗೆ ತಾಗಿಸಬೇಡಿ, ಹೊಸ ರಬ್ಬರೂ ಕಿತ್ತುಬರುತ್ತೆ. ಕ್ರ್ಯಾಂಕಿನ ಕೀ ಮತ್ತು ಆ ಕೀ ಕೂರುವ ತೋಡು ಸವೆದಿವೆಯಾ ನೋಡಿ. ಬೋಲ್ಟನ್ನು ಕೈಪಿಡಿಯ ಟಾರ್ಕ್‌ಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ.

ಬಹಳ ಜನ ಮರೆಯುವುದು ಒಂದಿದೆ. ಟೈಮಿಂಗ್ ಮಾರ್ಕ್ ಹೊರ ರಿಂಗಿನ ಮೇಲಿದ್ದರೆ, ರಿಂಗು ಜರುಗಿದ ದಿನದಿಂದ ಆ ಮಾರ್ಕ್ ಸುಳ್ಳು. ಪಂಪ್ ಟೈಮಿಂಗನ್ನು ಇತ್ತೀಚೆಗೆ ಯಾರಾದರೂ ಆ ಮಾರ್ಕ್ ನೋಡಿ ಇಟ್ಟಿದ್ದರೆ ಹೊಸ ಪುಲ್ಲಿ ಕೂತ ಮೇಲೆ ಮತ್ತೆ ನೋಡಿಸಿ.

ಟಾಪ್ ಡೆಡ್ ಸೆಂಟರ್:

ಟಿಕ್ ಟಿಕ್ ಟ್ಯಾಪೆಟ್ ಅಂತ ಈಗಲೇ ತೀರ್ಮಾನಿಸಬೇಡಿ. ಸಾಲಿಡ್ ಟ್ಯಾಪೆಟ್ (ಗ್ಯಾಪ್ ಕೈಯಲ್ಲೇ ಹೊಂದಿಸುವ ಥರದ್ದು) ಸದ್ದು ಬಿಸಿಯಾದರೂ ಸಾಮಾನ್ಯವಾಗಿ ಪೂರ್ತಿ ನಿಲ್ಲುವುದಿಲ್ಲ. ತಣ್ಣಗಿದ್ದಾಗ ಜೋರು, ಬಿಸಿಗೆ ಮಾಯ, ಲೋಡಿಗೆ ಹೆಚ್ಚು ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಒಟ್ಟುಗೂಡುವ ಪೈಪು) ಲೀಕು; ಲೋಹ ಹಿಗ್ಗಿ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಬಡಿತ ಎಣಿಸಿ ಬೇರೆ ಮಾಡಲು ಬರುವುದಿಲ್ಲ, ಏಕೆಂದರೆ ಎರಡೂ ಕ್ರ್ಯಾಂಕಿನ ಅರ್ಧ ವೇಗದಲ್ಲೇ ಬರುತ್ತವೆ: 750 ಆರ್‌ಪಿಎಂನಲ್ಲಿ ಸೆಕೆಂಡಿಗೆ ಆರು. ರಾತ್ರಿಯಿಡೀ ನಿಂತ ಇಂಜಿನ್ ಸ್ಟಾರ್ಟ್ ಮಾಡಿ ಮ್ಯಾನಿಫೋಲ್ಡ್ ಮತ್ತು ಹೆಡ್ ಕೂಡುವ ಅಂಚಿಗೆ ಸೋಪಿನ ನೀರು ಚಿಮುಕಿಸಿ. ಮೊದಲ ಒಂದೆರಡು ನಿಮಿಷದಲ್ಲೇ ಗುಳ್ಳೆ ಏಳುತ್ತದೆ. ಪೋರ್ಟಿನ (ಹೊಗೆ ಹೊರಬರುವ ತೂತು) ಸುತ್ತ ಬೀಸಣಿಗೆ ಬಿಚ್ಚಿದ ಹಾಗೆ ಕಪ್ಪು ಮಸಿ ಹರಡಿದ್ದರೆ ಸೋಪೂ ಬೇಕಿಲ್ಲ. ಮೊದಲನೇ ಮತ್ತು ನಾಲ್ಕನೇ ಪೋರ್ಟು ನೋಡಿ. ಮ್ಯಾನಿಫೋಲ್ಡ್ ಉದ್ದಕ್ಕೆ ಹಿಗ್ಗುವುದರಿಂದ ತುದಿಯ ಸ್ಟಡ್‌ಗಳೇ ಮೊದಲು ಮುರಿಯುವುದು.

ಸ್ಟಡ್ ಸ್ವಲ್ಪ ಹೊರಗೆ ಉಳಿದಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ. ಆ ಬಿಸಿಗೇ ಸ್ಟಡ್ ಹಿಡಿತ ಬಿಡುತ್ತದೆ; ಕೆಂಪು ಆರಿದ ಮೇಲೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಈಜಿ ಔಟ್ (ಮುರಿದ ಸ್ಟಡ್ಡಿಗೆ ತೂತು ಕೊರೆದು ತಿರುಗಿಸಿ ತೆಗೆಯುವ ಸಾಧನ) ಕೊನೆಯ ದಾರಿ, ಅದು ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದಕ್ಕೆ ಇಳಿಯುವುದೇ ಇಲ್ಲ. ಮ್ಯಾನಿಫೋಲ್ಡ್ ಮುಖಕ್ಕೆ ನೇರವಾದ ಪಟ್ಟಿ ಇಟ್ಟು ಫೀಲರ್ (ಸಂದು ಅಳೆಯುವ ತೆಳು ಉಕ್ಕಿನ ಹಾಳೆ) ತೂರಿಸಿ. 0.2 ಮಿ.ಮೀ. ಹಾಳೆ ಸಲೀಸಾಗಿ ನುಸುಳಿದರೆ ಫೇಸಿಂಗ್ ಮಾಡಿಸಿ (ಮುಖ ಸಮತಟ್ಟು ಮಾಡಿಸಿ), ಇಲ್ಲದಿದ್ದರೆ ಹೊಸ ಪ್ಯಾಕಿಂಗೂ ಸುಟ್ಟುಹೋಗುತ್ತದೆ. ನಡುವಿನಿಂದ ತುದಿಗಳ ಕಡೆಗೆ ಎರಡು ಮೂರು ಹಂತದಲ್ಲಿ ಬಿಗಿ ಮಾಡಿ. ಕೈಪಿಡಿ ಬೇಡ ಅಂದಿಲ್ಲದಿದ್ದರೆ ಒಂದೆರಡು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ.

ಲೀಕು ನಿಂತ ಮೇಲೂ ಸಣ್ಣ ಟಿಕ್ ಉಳಿದರೆ ಆಗ ಟ್ಯಾಪೆಟ್. ಫೈರಿಂಗ್ ಆರ್ಡರ್ 1-3-4-2 ಆದ್ದರಿಂದ ನಾಲ್ಕರ ವಾಲ್ವ್‌ಗಳು ರಾಕ್ ಆಗುವಾಗ (ಎಕ್ಸಾಸ್ಟ್ ಮುಚ್ಚುತ್ತಾ ಇನ್‌ಟೇಕ್ ತೆರೆಯುವಾಗ) ಒಂದರದನ್ನು ಹೊಂದಿಸಿ, ಒಂದು ರಾಕ್ ಆಗುವಾಗ ನಾಲ್ಕು. ಹಾಗೆಯೇ ಎರಡಕ್ಕೆ ಮೂರು, ಮೂರಕ್ಕೆ ಎರಡು. ಗ್ಯಾಪ್ ಎಷ್ಟು, ತಣ್ಣಗಿದ್ದಾಗಲೋ ಬಿಸಿಯಲ್ಲೋ ಎನ್ನುವುದಕ್ಕೆ ಕೈಪಿಡಿ ನೋಡಿ. ಹಳೇ ಇಂಜಿನ್ನಿನಲ್ಲಿ ರಾಕರ್ (ವಾಲ್ವ್ ಒತ್ತುವ ತೋಳು) ತುದಿಯನ್ನು ಉಗುರಿನಿಂದ ಸವರಿ ನೋಡುವುದು ಬಹಳ ಮುಖ್ಯ. ವಾಲ್ವ್ ತಗುಲುವ ಕಡೆ ಗುಂಡಿ ಬಿದ್ದಿದ್ದರೆ ಫೀಲರ್ ಹಾಳೆ ಗುಂಡಿಯೊಳಗೆ ಇಳಿಯದೆ ಅದರ ಅಂಚುಗಳ ಮೇಲೆ ಕೂರುತ್ತದೆ. ಹಾಳೆ 0.25 ಅಂದರೂ ನಿಜವಾದ ಗ್ಯಾಪ್ ಅದಕ್ಕಿಂತ ಜಾಸ್ತಿ, ಎಷ್ಟು ಸಲ ಹೊಂದಿಸಿದರೂ ಸದ್ದು ಹೋಗುವುದಿಲ್ಲ. ಹಾಗಂತ ಸದ್ದು ನಿಲ್ಲುವವರೆಗೆ ಬಿಗಿ ಮಾಡಿದರೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರದೆ ಸುಟ್ಟುಹೋಗುತ್ತದೆ. ಒಂಚೂರು ಸದ್ದು ಮಾಡುವ ಟ್ಯಾಪೆಟ್ಟೇ ವಾಸಿ.

ಮೂರನೇ ಗೇರು:

ನಾಲ್ಕನೇ ಪೋರ್ಟಿನ ಸುತ್ತ ಮಸಿ ಇದೆ ಸರ್, ಹಿಂದಿನ ಸ್ಟಡ್ಡಿನ ನಟ್ಟೇ ಇಲ್ಲ. ಪುಲ್ಲಿ ಬರುವುದು ತಡ ಆಗುತ್ತದಂತೆ. ಅಲ್ಲಿಯವರೆಗೆ ನಿಧಾನಕ್ಕೆ ಓಡಿಸಬಹುದಾ?

ಸ್ಪ್ಯಾನರ್ 14:

ಮ್ಯಾನಿಫೋಲ್ಡ್ ಲೀಕಿನಲ್ಲಿ ಸ್ವಲ್ಪ ದಿನ ಓಡಿಸಬಹುದು, ಆದ್ರೆ ಆ ಬಿಸಿ ಗಾಳಿ ವೈರಿಗೋ ರಬ್ಬರ್ ಪೈಪಿಗೋ ಹೊಡೀತಿದೆಯಾ ನೋಡಿ. ಕ್ಯಾಬಿನ್ ಒಳಗೆ ಹೊಗೆ ವಾಸನೆ ಬಂದ್ರೆ ಅದೂ ಬೇಡ. ಪುಲ್ಲಿ ವಿಷಯದಲ್ಲಿ ಮಾತ್ರ ಒಂದು ಕಿಲೋಮೀಟರೂ ಬೇಡ. ರಬ್ಬರ್ ಉಬ್ಬಿ ಹೊರಗೆ ಬಂದಿದೆ ಅಂದ್ರೆ ರಿಂಗು ಮುಂದಕ್ಕೆ ಜರುಗ್ತಾ ಇದೆ. ಕಳಚಿದ್ರೆ ಫ್ಯಾನು, ರೇಡಿಯೇಟರ್ ಎರಡನ್ನೂ ಹರಿದುಹಾಕುತ್ತೆ, ಬೆಲ್ಟ್ ಹೋದ್ರೆ ವಾಟರ್ ಪಂಪೂ ಬ್ರೇಕ್ ವ್ಯಾಕ್ಯೂಮೂ ಒಟ್ಟಿಗೇ ಹೋಗುತ್ತೆ. ಹೊಸ ಪುಲ್ಲಿ ಜೊತೆಗೆ ಬೆಲ್ಟೂ ಹೊಸದು ತರಿಸಿ, ಈಗಿರೋದು ಆಯಿಲ್ ಕುಡಿದಿರುತ್ತೆ.